ಮಾತು ಮುಗಿಸಿಕೊಡುವವರ ಮನೆ

ಮಾತು ಕಲಿಸುವ ಟೀಚರಿಗೆ ತನ್ನ ಮನೆಯಲ್ಲಿ ಒಂದು ಮಾತನ್ನು ಪೂರ್ತಿ ಆಡುವ ಯೋಗವಿರಲಿಲ್ಲ. ಹಣೆಬರಹ ಅನ್ನಬೇಕಷ್ಟೆ! ಶಾಲೆಯಲ್ಲಿ ತೊದಲುವ ಮಕ್ಕಳಿಗೆಲ್ಲ ಅವಳೇ ದಿಕ್ಕು. ಮಗುವಿಗೆ ಪ್ರಶ್ನೆ ಕೇಳಿದೊಡನೆ ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆ ಕೂತುಬಿಡುವುದು ಅವಳ ಪದ್ಧತಿ. ಇಲ್ಲದಿದ್ದರೆ ಕೈ ಸುಮ್ಮನಿರದೆ ಸನ್ನೆ ಮಾಡುತ್ತದೆ, ಅದರ ಹಿಂದೆಯೇ ಬಾಯಿ ಸಹಾಯಕ್ಕೆ ಓಡುತ್ತದೆ, ಮಗುವಿನ ಮಾತು ಅಲ್ಲಿಗೆ ಖಲಾಸ್.

ಮನೆಯಲ್ಲಿ? ಗಂಡನದು ಬಣ್ಣದ ಅಂಗಡಿ. ಗಿರಾಕಿ "ಒಂದು ತಿಳಿ..." ಎನ್ನುವಷ್ಟರಲ್ಲಿ "ತಿಳಿ ಹಸಿರು ತಾನೇ?" ಎಂದು ಡಬ್ಬ ಇಳಿಸುವ ಆಸಾಮಿ. ಮನಸ್ಸು ಅಪ್ಪಟ ಚಿನ್ನ, ಆದರೆ ಅಂಗಡಿ ಮುಚ್ಚಿದ ಮೇಲೂ ಆ ಚಾಳಿ ಮುಚ್ಚುತ್ತಿರಲಿಲ್ಲ. ಅತ್ತೆ ಅವನನ್ನು ಹೆತ್ತವರು, ಇನ್ನು ಕೇಳಬೇಕೆ!

ಸ್ನಾತಕೋತ್ತರ ಪದವಿ ಇಲ್ಲದಿದ್ದರೆ ಕೆಲಸ ಕಾಯಂ ಆಗದು ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಅವಳ ಮುಂದೆ ಎರಡು ಕೋರ್ಸುಗಳಿದ್ದವು, ಎರಡಕ್ಕೂ ಅರ್ಜಿ ಹಾಕಿದ್ದಳು. ಒಂದು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಪಾಠ ಕೇಳುವಂಥದ್ದು. ಒಂದು ಮಗುವಿನ ಮುಖವನ್ನೂ ನೋಡದೆ ಪಾಸಾಗಬಹುದು. ಇನ್ನೊಂದು ಬೇರೆ ಊರಿನಲ್ಲಿ, ಎರಡು ವರ್ಷ, ಹಾಸ್ಟೆಲ್ ವಾಸ. ದಿನವಿಡೀ ಮಕ್ಕಳ ಜೊತೆ ಕೆಲಸ, ಗಾಜಿನ ಗೋಡೆಯಾಚೆ ಕೂತು ನೋಡಿ ತಪ್ಪು ತಿದ್ದುವ ಗುರುಗಳು. ಅವಳಿಗೆ ಬೇಕಾಗಿದ್ದು ಇದೇ. ಅವಳ ತರಗತಿಯಲ್ಲಿ ಒಬ್ಬ ಹುಡುಗಿ ಬಾಯಿ ತೆರೆದರೆ ಕುತ್ತಿಗೆಯ ನರ ಉಬ್ಬುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಟೀಚರಿಗೆ ಕಾಯುವುದು ಗೊತ್ತು, ಅದರಾಚೆಗೆ ಏನು ಮಾಡಬೇಕೆಂದು ಗೊತ್ತಿಲ್ಲ. ಆ ದೂರದ ಕೋರ್ಸೇ ಬೇಕೆಂದು ಮನೆಯಲ್ಲಿ ಹೇಳಲು ಒಂದು ವಾರದಿಂದ ಒದ್ದಾಡುತ್ತಿದ್ದಳು.

"ರೀ, ಆ ಎರಡನೇ ಕೋರ್ಸು..."

"ದೂರ ಆಯ್ತು, ಬೇಡ ಅಂತ ತಾನೇ? ನಂಗೊತ್ತು ಬಿಡು."

"ಅಯ್ಯೋ ಅಲ್ಲಾ ರೀ, ನಾನು..."

"ಸುಸ್ತಾಗಿದಾಳೆ ಕಣೋ," ಎಂದರು ಅತ್ತೆ. "ಮನೇಲೇ ಕೂತು ಓದ್ಲಿ. ಅದನ್ನೇ ಅಲ್ವೇನಮ್ಮಾ ನೀನು ಹೇಳ್ತಿರೋದು?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಜಗಳವಾಡೋಣವೆಂದರೆ ಜಗಳದ ಮಾತನ್ನೂ ಇವರೇ ಮುಗಿಸಿಕೊಡುತ್ತಾರೆ!

ಅಷ್ಟರಲ್ಲಿ ಫೋನು ಬಂತು. ದೂರದ ಕಾಲೇಜಿನ ಪ್ರೊಫೆಸರ್, ಸಂದರ್ಶನ. ಅವಳ ಫೋನು ಸ್ಪೀಕರ್ ಹಾಕದೆ ಕೇಳಿಸದ ಹಳೇ ಡಬ್ಬ, ಹಾಗಾಗಿ ಪ್ರಶ್ನೆ ಮನೆಗೆಲ್ಲ ಕೇಳಿಸಿತು.

"ಮಗು ಒಂದು ಪದದ ಹತ್ರ ಸಿಕ್ಕಿಹಾಕ್ಕೊಂಡ್ರೆ ಏನ್ ಮಾಡ್ತೀರಿ?"

ಅವಳು ಉಸಿರು ಎಳೆದುಕೊಂಡಳು. ಅಷ್ಟೇ ಸಾಕಾಯಿತು.

"ತಕ್ಷಣ ಆ ಪದ ಹೇಳ್ಕೊಟ್ಬಿಡ್ತಾಳೆ ಮೇಡಂ!" ಎಂದ ಗಂಡ, ಹೆಮ್ಮೆಯಿಂದ. "ತುಂಬಾ ಚುರುಕು."

ಅಯ್ಯೋ ದೇವರೇ! ಆ ವೃತ್ತಿಯಲ್ಲಿ ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿಲ್ಲ.

"ಯಾರದು?"

"ನಮ್ಮ ಯಜಮಾನರು."

"ಅವರು ಹೇಳಿದ್ದು ನಿಜಾನಾ?"

ಅವಳು ಬಾಯಿ ತೆರೆದಳು, ಸಿಟ್ಟಿಗೆ ದನಿಯೇ ಹೊರಡಲಿಲ್ಲ. ಅತ್ತೆ ತುಟಿ ಅಲುಗಿಸಿದರು. ಆಗ ಫೋನಿನ ಒಳಗಿನಿಂದ, "ಯಾರೂ ಸಹಾಯ ಮಾಡ್ಬೇಡಿ. ನಂಗೇನೂ ಅವಸರ ಇಲ್ಲ," ಎಂದು ಕೇಳಿಸಿತು. ಈ ಮನೆಯಲ್ಲಿ ಅವಳಿಗಾಗಿ ಯಾರಾದರೂ ಕಾದದ್ದು ಅದೇ ಮೊದಲು.

"ಕೈ ಮೇಲೆ ಕೂತ್ಕೊಂಡು ಕಾಯ್ತೀನಿ ಮೇಡಂ," ಎಂದಳು. "ಪದ ಆ ಮಗೂದು. ಕಾದ ಮೇಲೆ ಏನ್ ಮಾಡ್ಬೇಕು ಅಂತ ನಂಗೊತ್ತಿಲ್ಲ. ಅದನ್ನ ಕಲಿಯೋಕೇ ನಿಮ್ಮಲ್ಲಿಗೆ ಬರ್ಬೇಕು ಅಂತಿರೋದು."

"ಸೋಮವಾರ ಬಂದು ಸೇರ್ಕೊಳ್ಳಿ."

ಫೋನು ಇಟ್ಟಾಗ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಂಡನ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಎರಡು ವರ್ಷ ನೀನಿಲ್ದೆ ನಾನು..." ಎಂದ. ಮಾತು ಮುಂದಕ್ಕೆ ಹೋಗಲಿಲ್ಲ. "ನಾನು..."

ಇಡೀ ಊರಿನ ಮಾತು ಮುಗಿಸಿಕೊಡುವವನಿಗೆ ತನ್ನದೇ ಮಾತು ಸಿಕ್ಕಿಹಾಕಿಕೊಂಡಿತ್ತು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆ ಮಾತು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ನಾಲಿಗೆಯ ತುದಿಗೇ ಬಂದಿತ್ತು. ಕುರ್ಚಿ ಎಳೆದು ಅವನೆದುರು ಕೂತಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡಳು.