ಸೇತುವೆ ಕಾಯುವವಳು

“ಅಮ್ಮಾ, ಇವತ್ತು ಎಷ್ಟು ಸಲ ಸತ್ತೆ?”

ಕೆಲಸದಿಂದ ಬಂದ ತಾಯಿ ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಒಂಬತ್ತು ವರ್ಷದ ಮಗಳು ಹೋಮ್‌ವರ್ಕಿನಿಂದ ತಲೆ ಎತ್ತದೆ, ಊಟ ಆಯ್ತಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದ್ದಳು. ಮನೆಯವರೆಲ್ಲ ಅವಳನ್ನು ವಕೀಲಮ್ಮ ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಒಂದು ಪ್ರಶ್ನೆ ಹಿಡಿದಳೆಂದರೆ ಉತ್ತರ ಸಿಗುವ ತನಕ ಬೆನ್ನು ಬಿಡುವ ಪೈಕಿ ಅಲ್ಲ ಅವಳು.

“ನಾನು ಸಾಯ್ತೀನಿ ಅಂತ ಯಾರೇ ಹೇಳಿದ್ದು ನಿಂಗೆ?”

“ಯಾರೂ ಇಲ್ಲ. ಸುಮ್ನೆ ಕೇಳ್ದೆ.”

ತಾಯಿ ಡಬ್ಬಿಂಗ್ ಕಲಾವಿದೆ. ಕಾರ್ಟೂನಿನಲ್ಲಿ ತೊದಲುವ ಮೊಲದ ಮರಿ, ಸೋಪಿನ ಜಾಹೀರಾತಿನಲ್ಲಿ ನಗುವ ಅತ್ತಿಗೆ, ಲಿಫ್ಟಿನಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನುವ ಗಂಭೀರ ಹೆಂಗಸು, ಎಲ್ಲ ಅವಳೇ. ಮಗಳಿಗೆ ಹೇಳಿದ್ದು ಇಷ್ಟನ್ನೇ. ಆದರೆ ಈಚೆಗೆ ಮನೆ ನಡೆಯುತ್ತಿದ್ದದ್ದು ಬೇರೆ ಕೆಲಸದಿಂದ. ದೊಡ್ಡವರು ಆಡುವ ಯುದ್ಧದ ವಿಡಿಯೋ ಗೇಮ್‌ಗಳಿಗೆ ಅವಳು ಚೀರುತ್ತಿದ್ದಳು. ಬೆಂಕಿ ಹತ್ತಿದಾಗಿನ ಚೀರಾಟ ಬೇರೆ, ಎತ್ತರದಿಂದ ಬೀಳುವಾಗಿನದು ಬೇರೆ, ಬಾಣ ನೆಟ್ಟಾಗಿನದು ಬೇರೆ. ಅವಳಷ್ಟು ಚೆನ್ನಾಗಿ ಸಾಯುವವರು ಸ್ಟುಡಿಯೋದಲ್ಲಿ ಇನ್ನೊಬ್ಬರಿರಲಿಲ್ಲ. ಅವಳಿಗೆ ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು, ಹೇಳಿಕೊಳ್ಳಲು ಮುಜುಗರವೂ ಇತ್ತು.

ಇದು ಮಗಳ ಕಣ್ಣಿಗಾಗಲಿ ಕಿವಿಗಾಗಲಿ ಬೀಳಬಾರದೆಂದು ಮನೆಯ ಟಿವಿಗೂ ಟ್ಯಾಬ್‌ಗೂ ವಯಸ್ಸಿನ ಲಾಕ್ ಹಾಕಿಟ್ಟಿದ್ದಳು. ಪಿನ್ ನಂಬರನ್ನು ಗಂಡನಿಗೂ ಹೇಳಿರಲಿಲ್ಲ. ವಕೀಲಮ್ಮನ ಎರಡನೇ ಪ್ರಶ್ನೆಗೇ ಅವನು ಬಾಯಿ ಬಿಡುವುದು ಗ್ಯಾರಂಟಿಯಾಗಿತ್ತು. ಲಾಕ್ ಯಾಕೆ ಎಂದು ಮಗಳು ಕೇಳಿದಾಗಲೆಲ್ಲ “ದೊಡ್ಡವಳಾದ್ಮೇಲೆ ಗೊತ್ತಾಗುತ್ತೆ, ಹೋಗು” ಎಂದು ಸಾಗಹಾಕುತ್ತಿದ್ದಳು. ಇಷ್ಟೆಲ್ಲ ಕಾವಲಿದ್ದೂ ಈ ಪ್ರಶ್ನೆ ಎಲ್ಲಿಂದ ನುಸುಳಿತು?

ಪ್ರಶ್ನೆಗಳು ಅಲ್ಲಿಗೇ ನಿಲ್ಲಲಿಲ್ಲ. ಒಂದು ದಿನ ಹಲ್ಲುಜ್ಜುತ್ತಾ, “ಸಾಯೋವಾಗ ಹೊಟ್ಟೆ ನೋಯುತ್ತಾ?” ಎಂದಳು. ಇನ್ನೊಂದು ದಿನ, “ಇವತ್ತು ಸಾಯಲ್ಲ ಅಂದ್ರೆ ನಿಮ್ಮ ಆಫೀಸ್‌ನೋರು ಬೈತಾರಾ?” ಎಂದಳು. ತಾಯಿಗೆ ಭಯಕ್ಕಿಂತ ಮೊದಲು ಕುತೂಹಲ ಹತ್ತಿತು. ಸಂಜೆ ಹೊತ್ತು ಮಗಳು ಎಲ್ಲಿರುತ್ತಾಳೆಂದು ಗಮನಿಸತೊಡಗಿದಳು. ಶಾಲೆಯ ಬ್ಯಾಗನ್ನು ಸೋಫಾದ ಮೇಲೆ ಎಸೆದವಳೇ ಕೆಳಗಿನ ಟೈಲರ್ ಅಂಗಡಿಗೆ ಓಡುತ್ತಿದ್ದಳು. ಟೈಲರನ ಮಗಳು ಅವಳ ಜೀವದ ಗೆಳತಿ. ಕಥೆ ಕಟ್ಟಿ ಹೇಳುವುದರಲ್ಲಿ ಎತ್ತಿದ ಕೈಯಾದ್ದರಿಂದ ಆ ಹುಡುಗಿಗೆ ಎಲ್ಲರೂ ರೀಲು ಎನ್ನುತ್ತಿದ್ದರು.

ರಜೆಯ ದಿನ ಗಂಡನ ಪ್ಯಾಂಟೊಂದನ್ನು ಗಿಡ್ಡ ಮಾಡಿಸುವ ನೆಪದಲ್ಲಿ ಅವಳೂ ಕೆಳಗಿಳಿದಳು. ಟೈಲರ್ ಹೊಲಿಗೆ ಮಷಿನ್ ತುಳಿಯುತ್ತಿದ್ದ. ಅಂಗಡಿಯ ಹಿಂದಿನ ಕೋಣೆಗೆ ಪರದೆ ಎಳೆದಿತ್ತು. ಅವಳು ಪ್ಯಾಂಟನ್ನು ಮೇಜಿನ ಮೇಲಿಡುತ್ತಿದ್ದಂತೆ ಪರದೆಯ ಆಚೆಯಿಂದ ಒಬ್ಬ ಹೆಂಗಸು ಚೀರಿದಳು. ಚೀರಾಟದ ಕೊನೆಗೆ ಸಣ್ಣದೊಂದು ಬಿಕ್ಕು. ರೆಕಾರ್ಡಿಂಗಿನ ದಿನ ಯಾರೂ ಹೇಳಿಕೊಡದೆ ತಾನೇ ಸೇರಿಸಿದ ಬಿಕ್ಕು ಅದು, ಎಲ್ಲರೂ ಭೇಷ್ ಅಂದಿದ್ದರು.

ಪರದೆ ಸರಿಸಿದಳು. ಟಿವಿಯಲ್ಲಿ ಮರದ ಸೇತುವೆಯ ಮೇಲೆ ಕಾವಲುಗಾತಿಯೊಬ್ಬಳು ಬಿದ್ದಿದ್ದಳು. ಬಟ್ಟೆಯ ಗಂಟಿನ ಮೇಲೆ ಕೂತ ರೀಲುವಿನ ಕೈಯಲ್ಲಿ ರಿಮೋಟಿನಂಥದ್ದಿತ್ತು. ಪಕ್ಕದಲ್ಲಿ ವಕೀಲಮ್ಮ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು.

“ಇವಳಿಗೆ ಆಡೋಕೇ ಬರಲ್ಲ ಆಂಟಿ,” ಎಂದು ರೀಲು ದೂರು ಕೊಟ್ಟಳು. “ಸೇತುವೆ ಹತ್ರ ಬಂದ್ರೆ ಸಾಕು, ಕತ್ತಿ ಕೆಳಗಿಟ್ಬಿಡ್ತಾಳೆ. ಆಮೇಲೆ ನಾನೇ ಹೊಡೀಬೇಕು.”

ತಾಯಿಯ ಸಿಟ್ಟೆಲ್ಲ ಹಿಂದೆ ಬಂದು ನಿಂತಿದ್ದ ಟೈಲರನ ಮೇಲೆ ತಿರುಗಿತು. “ಮಕ್ಕಳ ಕೈಗೆ ಕೊಡೋ ಆಟಾನಾ ಇದು? ಡಬ್ಬದ ಮೇಲೆ ಹದಿನೆಂಟು ಅಂತ ಅಷ್ಟು ದೊಡ್ಡದಾಗಿ ಇದೆಯಲ್ಲ, ಕಾಣ್ಲಿಲ್ವಾ?”

“ಕಾಣ್ತು ಅಕ್ಕಾ. ಹದಿನೆಂಟು ಆಟ ಇದೆ ಅಂದ್ಕೊಂಡೆ. ನೋಡಿದ್ರೆ ಒಂದೇ ಇತ್ತು. ಅಂಗಡಿಯವನು ಟೋಪಿ ಹಾಕ್ದ ಅಂತ ಬೈಕೊಂಡೆ.” ಟೈಲರ್ ಕತ್ತಿನಲ್ಲಿದ್ದ ಟೇಪನ್ನು ತೆಗೆದು ಕೈಗೆ ಸುತ್ತಿಕೊಂಡ. “ಒಬ್ನೇ ಅಂಗಡಿ ನೋಡ್ಕೋಬೇಕು. ಹೊರಗೆ ಬಿಟ್ರೆ ಗಾಡಿಗಳ ಕಾಟ. ಒಳಗಿದ್ರೆ ಕಣ್ಣಳತೇಲಿ ಇರ್ತಾರೆ ಅಂತ ಒಂದು ಧೈರ್ಯ. ಬೊಂಬೆ ಹೊಡೆದಾಟ ತಾನೆ?”

“ಬೊಂಬೆ ಅಲ್ಲ, ಅದು ನನ್ನ ಗಂಟಲು!”

ಟೈಲರ್ ಅವಳನ್ನೂ ಟಿವಿಯನ್ನೂ ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

“ಬೇಜಾರು ಮಾಡ್ಕೋಬೇಡಿ ಅಕ್ಕಾ, ಒಂದು ಮಾತು ಕೇಳ್ತೀನಿ. ನಿಮ್ಮನೇಲಿ ಲಾಕ್ ಹಾಕಿದ್ದೀರಿ, ಒಳ್ಳೇದೇ. ಆದ್ರೆ ಇಂಥ ಆಟದೊಳಗೆ ಏನಿರುತ್ತೆ ಅಂತ ಈ ಬಿಲ್ಡಿಂಗಲ್ಲಿ ಗೊತ್ತಿದ್ದೋರು ನೀವೊಬ್ರೇ. ನಮ್ಗೂ ಒಂದು ಮಾತು ಹೇಳ್ಬಹುದಿತ್ತಲ್ಲ?”

ಅವಳು ಹೇಳಬಹುದಿತ್ತು. ಮುಜುಗರಕ್ಕೆ ಹೇಳಿರಲಿಲ್ಲ, ಅಷ್ಟೇ. ತನ್ನ ಮನೆಯ ಬಾಗಿಲು ಭದ್ರವಾದರೆ ಸಾಕು ಎಂದುಕೊಂಡು ಕೂತಿದ್ದಳು. ಅವಳು ಮಗಳ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಿವಿಯ ಮೇಲಿದ್ದ ಆ ಪುಟ್ಟ ಕೈಗಳನ್ನು ಮೆಲ್ಲಗೆ ಬಿಡಿಸಿದಳು.

“ಹೆದರಿಕೆ ಆಗೋದಾದ್ರೆ ದಿನಾ ಯಾಕೆ ಬರ್ತಿದ್ದೆ ಚಿನ್ನಾ?”

“ನಿನ್ನ ಸಾಯಿಸ್ದೆ ದಾಟೋ ದಾರಿ ಹುಡುಕ್ತಿದ್ದೆ,” ಎಂದಳು ವಕೀಲಮ್ಮ. “ಹೊಳೇಲಿ ಈಜಿ ನೋಡ್ದೆ. ರಾತ್ರಿ ಆಗೋವರೆಗೂ ಬಚ್ಚಿಟ್ಕೊಂಡೆ. ನನ್ನ ಕುದುರೇನೇ ಕೊಡೋಕೆ ಹೋದೆ. ಕೈ ಮುಗಿಯೋಣ ಅಂದ್ರೆ ಕೈ ಮುಗಿಯೋ ಬಟನ್ನೇ ಇಲ್ಲ. ಎಲ್ಲೋ ಒಂದು ಕಡೆ ದಾರಿ ಇರುತ್ತೆ ಅಲ್ವಾ ಅಮ್ಮಾ?”

ಇರುತ್ತೆ ಎಂದುಬಿಡುವುದು ಸುಲಭವಿತ್ತು. ಆದರೆ ಸಾಗಹಾಕಿದ್ದು ಸಾಕೆನಿಸಿತು.

“ಇಲ್ಲ ಮಗಳೇ. ಆ ಕಾವಲುಗಾತಿಯ ಮಾತೆಲ್ಲ ಆಡಿದ್ದು ನಾನೇ, ಅದಕ್ಕೇ ನಂಗೊತ್ತು. ಸಾಯೋದಕ್ಕೆ ಬೇಕಾದಷ್ಟು ಬರೆದುಕೊಟ್ಟಿದ್ರು. ಬದುಕಿದ್ರೆ ಆಡೋಕೆ ಒಂದು ಮಾತೂ ಇರ್ಲಿಲ್ಲ.” ಆಮೇಲೆ ಹೊಟ್ಟೆಗೆ ದಿಂಬು ಅವಚಿಕೊಂಡು ಚೀರುವುದು, ನಡುನಡುವೆ ಬಿಸಿನೀರು ಕುಡಿಯುವುದು, ಒಮ್ಮೆ ಸಾಯುವಾಗ ಸೀನು ಬಂದು ಎಲ್ಲರೂ ನಕ್ಕಿದ್ದು, ಎಲ್ಲವನ್ನೂ ಹೇಳಿದಳು. “ನಂಗೆ ನೋವಾಗಲ್ಲ. ಆದ್ರೆ ಕೇಳ್ದೋರಿಗೆ ನಿಜ ಅನ್ನಿಸ್ಬೇಕು ಅಂತಾನೇ ಮಾಡೋದು. ಅದಕ್ಕೇ ದೊಡ್ಡೋರಿಗೆ ಮಾತ್ರ.”

“ಹದಿನೆಂಟಾದ್ಮೇಲೆ ನಂಗೆ ಬೇಜಾರಾಗಲ್ವಾ?”

“ಆಗಬಹುದು. ಗೊತ್ತಿಲ್ಲ. ಆದ್ರೆ ಆಗ ಇದು ಅಮ್ಮನ ಕೆಲಸ ಅನ್ನೋದು ನೆನಪಿರುತ್ತೆ. ಈಗ ಮರೆತುಹೋಗುತ್ತೆ.”

“ಅವಳಿಗಾದ್ರೆ ಅದು ಅವಳಮ್ಮನ ದನಿ. ನಾನ್ಯಾಕೆ ಆಡ್ಬಾರ್ದು?” ರೀಲು ಮೂತಿ ಉಬ್ಬಿಸಿದಳು. “ನಂಗೇನೂ ಆಗಲ್ಲ.”

“ಏನೂ ಆಗ್ದಿದ್ರೆ ರಾತ್ರಿ ಲೈಟ್ ಆರಿಸ್ಬೇಡ ಅಂತ ಹಟ ಮಾಡೋಳು ಯಾರೇ?” ಎಂದು ರೇಗಿಸಲು ಹೊರಟ ಟೈಲರ್ ಮಾತಿನ ಕೊನೆಗೆ ಬರುವಷ್ಟರಲ್ಲಿ ಸಪ್ಪಗಾದ. ಹುಡುಗಿ ತಲೆ ತಗ್ಗಿಸಿದಳು. ಅವನು ಆಟ ನಿಲ್ಲಿಸಿ, “ಅಕ್ಕಾ, ಆ ಲಾಕ್ ಹೇಗೆ ಹಾಕೋದು ಅಂತ ನಂಗೂ ತೋರಿಸ್ಕೊಡಿ. ನಿಧಾನಕ್ಕೆ,” ಎಂದ.

ಇಬ್ಬರೂ ಟಿವಿಯ ಮುಂದೆ ಬಗ್ಗಿ ಸೆಟ್ಟಿಂಗ್ಸ್ ಹುಡುಕಿದರು. ಎರಡು ಸಲ ತಪ್ಪಿದ ಮೇಲೆ ಲಾಕ್ ಬಿತ್ತು. ವಕೀಲಮ್ಮ ಎಲ್ಲವನ್ನೂ ನೋಡುತ್ತಾ ಕೂತಿದ್ದಳು.

“ಅಮ್ಮಾ, ಒಂದು ವೇಳೆ ಆ ಸೇತುವೆಯವಳು ಬದುಕಿದ್ದಿದ್ರೆ ಏನಂತಿದ್ಲು?”

ತಾಯಿ ಯೋಚಿಸಿದಳು. ಎದ್ದು ನಿಂತು, ಬಟ್ಟೆ ಅಳೆಯುವ ಕೋಲನ್ನು ನೆಲಕ್ಕೂರಿ ದನಿ ದಪ್ಪ ಮಾಡಿದಳು.

“ನಿಲ್ಲಿ! ಯಾರು ನೀವು?”

ಮಕ್ಕಳಿಬ್ಬರೂ ಬೆಚ್ಚಿಬಿದ್ದು ಕಿಸಕ್ಕನೆ ನಕ್ಕರು. “ನಾವು ಆ ಕಡೆ ಹೋಗ್ಬೇಕು,” ಎಂದಳು ವಕೀಲಮ್ಮ.

“ಕೈಯಲ್ಲಿ ಕತ್ತಿ ಇದೆಯೋ?”

“ಇಲ್ಲ.”

“ಹಾಗಾದ್ರೆ ಕೇಳೋದೇನಿದೆ? ದಾಟಿ ಹೋಗಿ.”

ರೀಲು ಒಂದೇ ನೆಗೆತಕ್ಕೆ ಬಟ್ಟೆಯ ಗಂಟಿನಾಚೆ ಹಾರಿದಳು. ವಕೀಲಮ್ಮ ಹಾರಲಿಲ್ಲ. ಕೋಲು ಹಿಡಿದು ನಿಂತ ಕಾವಲುಗಾತಿಯನ್ನು ಒಂದು ಗಳಿಗೆ ನೋಡಿದಳು.

“ನೀನೊಬ್ಳೇ ಇಲ್ಲಿ ನಿಂತು ಏನ್ಮಾಡ್ತೀಯಾ? ನೀನೂ ಬಾ,” ಎಂದು ತಾಯಿಯ ಕೈ ಹಿಡಿದು ಎಳೆದಳು.