ಖಾಲಿ ಟ್ರಾಲಿಯ ತೂಕ

ಆ ದಿನ ಬೆಳಿಗ್ಗೆ ಶ್ರೀರಾಮನಗರದ ಮೇಲೆ ಮೋಡ ಕಟ್ಟಿತ್ತು. ಮಳೆ ಸುರಿಸುವ ಮೋಡವೋ, ಸುಮ್ಮನೆ ಇಣುಕಿ ಮುಂದಕ್ಕೆ ಸಾಗುವ ಮೋಡವೋ ಯಾರಿಗೂ ತಿಳಿಯುವಂತಿರಲಿಲ್ಲ. ಕಾಲುವೆಯ ಕಡೆಯಿಂದ ಬೀಸುತ್ತಿದ್ದ ಗಾಳಿಯಲ್ಲಿ ಕೊಯ್ದ ಭತ್ತದ ಹುಲ್ಲಿನ ಹಸಿ ವಾಸನೆಯಿತ್ತು. ಕಾರ್ತಿಕ ಮುಗಿಯುವ ಹೊತ್ತಿನಲ್ಲಿ ಮೋಡ ಹೀಗೆ ಬಂದು ನಿಂತರೆ ಕಣದಲ್ಲಿ ರಾಶಿ ಹಾಕಿದವರಿಗೆ ಊಟ ಸೇರುವುದಿಲ್ಲ. ಅದಕ್ಕೇ ಊರಾಚೆಯ ಅಕ್ಕಿ ಗಿರಣಿಯ ಮುಂದೆ ಹೊತ್ತೇರುವ ಮೊದಲೇ ಭತ್ತ ತುಂಬಿದ ಟ್ರ್ಯಾಕ್ಟರುಗಳು ರಸ್ತೆಯವರೆಗೂ ಸಾಲುಗಟ್ಟಿದ್ದವು.

ಗಿರಣಿಯ ಬಾಗಿಲಲ್ಲೇ ಕಾಟಾ. ನೆಲಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ಹಾಸು. ಅದರ ಮೇಲೆ ಗಾಡಿ ಹತ್ತಿ ನಿಂತರೆ ಪಕ್ಕದ ಕೋಣೆಯ ಕಂಪ್ಯೂಟರಿನ ಪರದೆಯಲ್ಲಿ ತೂಕ ಮೂಡುತ್ತದೆ. ಆ ಕೋಣೆಯಲ್ಲಿ ಕೂರುವವನು ಅಮರಪ್ಪ. ಮೂಲ ಇರಕಲ್ಲಗಡದವನು, ಐವತ್ತು ದಾಟಿದವನು. ಬೆಳಿಗ್ಗೆ ಬಂದವನೇ ಕಾಟಾದ ಮೇಲಿನ ಕಾಳುಕಸ ಗುಡಿಸಿ, ನೀರು ಚಿಮುಕಿಸಿ, ಕಂಪ್ಯೂಟರಿಗೆ ವಿಭೂತಿಯ ಮೂರು ಗೆರೆ ಎಳೆದು, ಊದುಬತ್ತಿ ಹಚ್ಚುತ್ತಿದ್ದ. ಪರದೆಯ ಮೇಲೆ ಸೊನ್ನೆ ಬಂದು ನಿಂತದ್ದನ್ನು ಕಣ್ಣಾರೆ ಕಂಡು, ಅದಕ್ಕೆ ಕೈ ಮುಗಿದ ಮೇಲೆಯೇ ಮೊದಲ ಗಾಡಿಯನ್ನು ಕರೆಯುತ್ತಿದ್ದ. ಲೋಕವೆಲ್ಲ ರೊಕ್ಕಕ್ಕೆ ಕೈ ಮುಗಿದರೆ ಈ ಮನುಷ್ಯ ಸೊನ್ನೆಗೆ ಮುಗಿಯುತ್ತಾನೆಂದು ಡ್ರೈವರುಗಳು ಅವನನ್ನು ಆಡಿಕೊಳ್ಳುತ್ತಿದ್ದರು. ಹಾಗೆ ನಕ್ಕವರೂ ಅಮರಪ್ಪ ಕೊಟ್ಟ ಚೀಟಿಯನ್ನು ಎರಡನೆಯ ಸಲ ನೋಡುತ್ತಿರಲಿಲ್ಲ, ಮಡಚಿ ಜೇಬಿಗಿಡುತ್ತಿದ್ದರು. ಅವನು ಗಳಿಸಿದ್ದು ಅದೊಂದನ್ನೇ.

ಆವತ್ತು ಸೊನ್ನೆ ಮೂಡಲಿಲ್ಲ. ಪರದೆ ಕಪ್ಪಗಿತ್ತು. ಕಂಪ್ಯೂಟರಿನ ಡಬ್ಬಿಯೊಳಗಿಂದ ಹಲ್ಲಿ ಲೊಚಗುಟ್ಟಿದಂತೆ ಸದ್ದು ಮಾತ್ರ ಬರುತ್ತಿತ್ತು.

ಫೋನು ಮಾಡಿದ್ದಕ್ಕೆ ಗಂಗಾವತಿಯಿಂದ ಜಿಲಾನಿ ಮೋಟಾರ್‌ಸೈಕಲ್ ಏರಿ ಬಂದ. ಕಂಪ್ಯೂಟರ್ ರಿಪೇರಿಯ ಅಂಗಡಿ ಅವನದು. ಮೊದಲು ಕುಷ್ಟಗಿಯ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಹುಡುಗರಿಗೆ ಪಾಠ ಹೇಳುತ್ತಿದ್ದವನು. ಬಂದವನೇ ಡಬ್ಬಿಯ ಸ್ಕ್ರೂ ಬಿಚ್ಚಿ, ಒಳಗೆ ಬ್ಯಾಟರಿಯ ಬೆಳಕು ಬಿಟ್ಟು, ಹುಬ್ಬೇರಿಸಿದ.

"ಏನ್ರಿ ಕಾಕಾ, ಹೊರಗ ಹಚ್ಚಿದ್ದು ಸಾಲ್ಲಿಲ್ಲಂತ ಒಳಗೂ ವಿಭೂತಿ ಹಚ್ಚೀರಿ? ಅರ್ಧ ತೌಡು, ಅರ್ಧ ದೇವ್ರು ಐತಿ ಇದರಾಗ."

"ದೇವ್ರು ಇರೋದಕ್ಕ ಇಷ್ಟು ವರ್ಷ ನಡದೈತಿ," ಅಂದ ಅಮರಪ್ಪ. "ತೌಡಷ್ಟ ತೆಗಿ."

ಜಿಲಾನಿ ನಕ್ಕ. ಆದರೆ ಹಾರ್ಡ್ ಡಿಸ್ಕು ಕಿವಿಗೆ ಹಿಡಿದು ನೋಡಿದಾಗ ಅವನ ನಗು ಇಳಿಯಿತು. ಡಿಸ್ಕು ಸವೆದು ಹೋಗಿದೆ, ಇದರೊಳಗಿನದು ಯಾವುದೂ ಇನ್ನು ಕೈಗೆ ಬರುವುದಿಲ್ಲ, ಬೇರೆಯದು ಹಾಕಿ ಮೊದಲಿನಿಂದ ಎಲ್ಲ ಕೂರಿಸಬೇಕು ಎಂದ. ಅದು ಎರಡು ಸಾವಿರದ ಒಂಬತ್ತನೆಯ ಇಸವಿ. ಪ್ಯಾಟೆಯಲ್ಲಿ ಎಲ್ಲರೂ ಹೊಸ ವಿಂಡೋಸಿಗೆ ಬದಲಾಗಿದ್ದರು. ಆದರೆ ಕಾಟಾ ಕೂರಿಸಿದ ಕಂಪನಿಯವರು ಹಾಕಿಕೊಟ್ಟ ಪ್ರೋಗ್ರಾಮು ವಿಂಡೋಸ್ ತೊಂಬತ್ತೆಂಟರ ಮೇಲೆ ಬಿಟ್ಟು ಬೇರೊಂದರ ಮೇಲೆ ನಡೆಯುತ್ತಿರಲಿಲ್ಲ. ಕುಷ್ಟಗಿಯ ದಿನಗಳಿಂದ ಬಿಸಾಡದೆ ಇಟ್ಟುಕೊಂಡಿದ್ದ ಆ ಹಳೆಯ ಸಿ.ಡಿ.ಯನ್ನು ಜಿಲಾನಿ ಚೀಲದಿಂದ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಒಳಗೆ ತಳ್ಳಿದ.

ನೀಲಿ ಪರದೆ ಬಂತು. ಅದರಲ್ಲಿ ಹಳದಿ ಗೆರೆಯೊಂದು ಇರುವೆಯ ಸಾಲಿನಂತೆ ಎಡದಿಂದ ಬಲಕ್ಕೆ ಹೊರಟಿತು. ಸಾಲಿನಲ್ಲಿ ನಿಂತವರು ಒಬ್ಬೊಬ್ಬರಾಗಿ ಕಿಟಕಿಗೆ ಬಂದು ಇಣುಕಿ ಹೋದರು. ಸೊನ್ನೆ ಹುಟ್ಟಿತೋ, ಇನ್ನೂ ಹೆರಿಗೆಯ ಬ್ಯಾನಿ ತಿನ್ನುತ್ತಿದೆಯೋ ಎಂದು ಕೇಳಿದರು. ಅಮರಪ್ಪ ಭಜನೆಗೆ ಕೂತವನಂತೆ ಕೈಕಟ್ಟಿ ಆ ಗೆರೆಯನ್ನೇ ನೋಡುತ್ತ ಕೂತ. ಇಷ್ಟು ವರ್ಷ ದಿನವೂ ಎದುರಿಗೆ ಕೂತ ಜೀವ ಎಲ್ಲ ಮರೆತು ಹೊಸದಾಗಿ ಹುಟ್ಟುವುದನ್ನು ಅವನು ಎಂದೂ ಕಂಡಿರಲಿಲ್ಲ.

ನಡುವೆ ಒಂದು ಕಡೆ ಕಂಪ್ಯೂಟರು ತಾನೇ ನಿಂತು ಹೆಸರು ಕೇಳಿತು. ಯಾರ ಹೆಸರು ಹಾಕಲಿ ಎಂದು ಜಿಲಾನಿ ತಿರುಗಿದ. ನಮ್ಮ ದೇವರು ಗವಿಸಿದ್ದಪ್ಪಜ್ಜನ ಹೆಸರು ಹಾಕು ಎಂದ ಅಮರಪ್ಪ. ಕೆಳಗೆ ಕಂಪನಿಯ ಹೆಸರನ್ನೂ ಕೇಳುತ್ತಿದೆ ಎಂದಾಗ, ಕಂಪನಿಯೂ ಅವನದೇ ಎಂದ. ಜಿಲಾನಿ ಎರಡೂ ಕಡೆ ಅದನ್ನೇ ಹೊಡೆದ.

ಕೂರಿಸುವುದು ಮುಗಿದು ಪರದೆ ಬೆಳಗಿದಾಗ ಅಕ್ಷರಗಳೆಲ್ಲ ಬದನೆಕಾಯಿಯಷ್ಟು ದಪ್ಪಗಿದ್ದವು. ಪರದೆಗೆ ಬೇಕಾದ ಫೈಲು ಇನ್ನೂ ಹಾಕಿಲ್ಲ, ಅದನ್ನು ಹಾಕಿದರೆ ಅಕ್ಷರ ಮೊದಲಿನಂತೆ ಸಣ್ಣಗಾಗುತ್ತವೆ ಎಂದು ಜಿಲಾನಿ ಇನ್ನೊಂದು ಸಿ.ಡಿ.ಗೆ ಕೈ ಹಾಕಿದ. ಅಮರಪ್ಪ ಅವನ ಮಣಿಕಟ್ಟು ಹಿಡಿದು ತಡೆದ. ದಪ್ಪ ಇದ್ದರೆ ಹೊರಗೆ ನಿಂತವರಿಗೂ ಕಾಣುತ್ತದೆ, ಹಾಗೇ ಇರಲಿ ಎಂದ. ಇಬ್ಬರೂ ಸೇರಿ ಪರದೆಯನ್ನು ಕಿಟಕಿಯ ಕಡೆ ಓರೆಯಾಗಿ ತಿರುಗಿಸಿದರು. ಜಿಲಾನಿಗೂ ಹುರುಪು ಬಂತು. ಬೇಡದ ಚಿತ್ರಗಳನ್ನೆಲ್ಲ ಪರದೆಯಿಂದ ತೆಗೆದ. ಶಾಲೆಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಂತೆ ಕಪ್ಪು ನೆಲದ ಮೇಲೆ ಬಿಳಿ ಅಂಕಿ ಬರುವ ಹಾಗೆ ಬಣ್ಣ ಬದಲಿಸಿದ. ಹಿಂದೆ ಒಂದು ದೇವರ ಚಿತ್ರ ಕೂರಿಸಲೇ ಎಂದು ಕೇಳಿದ.

"ಬ್ಯಾಡೋ ತಮ್ಮಾ," ಅಂದ ಅಮರಪ್ಪ. "ದೇವ್ರ ಮುಖದ ಮ್ಯಾಲ ಅಂಕಿ ಬರೀಬಾರ್ದು."

ಕಾಟಾದ ಪ್ರೋಗ್ರಾಮನ್ನು ಹಳೆಯ ಫ್ಲಾಪಿಯಿಂದ ತುಂಬಿಸಿ, ಹಾಸಿನಿಂದ ಬಂದ ದಪ್ಪ ತಂತಿಯನ್ನು ಹಿಂದೆ ಚುಚ್ಚಿದ್ದೇ ತಡ, ಕಿಟಕಿಯ ಅಗಲಕ್ಕೂ ಸೊನ್ನೆ ಬಂದು ನಿಂತಿತು. ಅಮರಪ್ಪ ಕೈ ಮುಗಿದ. ಹೊರಗೆ ಇಂಜಿನ್ನುಗಳು ಗುಡುಗಿದವು.

ಆಗ ಜಿಲಾನಿ ಒಂದು ಮಾತು ಹೇಳಿದ. ಗಾಡಿಗಳ ಖಾಲಿ ತೂಕವೆಲ್ಲ ಹಳೆಯ ಡಿಸ್ಕಿನ ಜೊತೆಗೇ ಹೋಗಿದೆ.

ಈ ಖಾಲಿ ತೂಕದ ಸಂಗತಿಯನ್ನು ಇಲ್ಲಿ ಹೇಳಬೇಕು. ತುಂಬಿದ ಗಾಡಿ ಕಾಟಾದ ಮೇಲೆ ನಿಂತು ತೂಗಿಸಿಕೊಂಡು, ಒಳಗೆ ಹೋಗಿ ಭತ್ತ ಸುರಿದು, ಖಾಲಿಯಾಗಿ ಮತ್ತೆ ಕಾಟಾಕ್ಕೆ ಬರಬೇಕು. ಮೊದಲ ತೂಕದಲ್ಲಿ ಎರಡನೆಯದನ್ನು ಕಳೆದರೆ ಉಳಿದದ್ದು ಭತ್ತ. ಅದು ನಿಯಮ. ಆದರೆ ಸುಗ್ಗಿಯ ನೂಕುನುಗ್ಗಲಲ್ಲಿ ಒಂದೇ ಗಾಡಿಯನ್ನು ಎರಡು ಸಲ ನಿಲ್ಲಿಸುವವರು ಯಾರು? ದಿನವೂ ಬರುವ ಗಾಡಿಗಳ ಖಾಲಿ ತೂಕವನ್ನು ಯಾವುದೋ ಕಾಲದಲ್ಲಿ ಒಂದು ಸಲ ತೂಗಿ ಕಂಪ್ಯೂಟರಿಗೆ ಹೇಳಿಟ್ಟಿದ್ದರು. ಗಾಡಿಯ ನಂಬರು ಹೊಡೆದರೆ ಅದೇ ಕಳೆದು ಚೀಟಿ ಕೊಡುತ್ತಿತ್ತು. ಖಾಲಿ ಗಾಡಿಗಳು ಹಿಂಬಾಗಿಲಿನಿಂದ ಹಾಗೇ ಹೊರಟುಹೋಗುತ್ತಿದ್ದವು.

"ಹಳೇ ಚೀಟಿ ಅದಾವಲ್ರಿ ಕಾಕಾ, ಅದರಾಗ ಖಾಲಿ ತೂಕ ಇರ್ತೈತಿ," ಅಂದ ಜಿಲಾನಿ. "ನೀವು ಓದ್ರಿ, ನಾ ಹೊಡಿತೀನಿ. ಎಲ್ಲಾ ಮೊದಲಿನಂಗ ಆಕ್ಕೈತಿ."

ಅಮರಪ್ಪನಿಗೂ ಹೂಂ ಎನ್ನಬೇಕೆನಿಸಿತು. ಮೋಡ ತಲೆಯ ಮೇಲಿತ್ತು, ಸಾಲು ಬೆಳೆಯುತ್ತಿತ್ತು. ಆದರೂ ಹಳೆಯ ಚೀಟಿಗಳ ಕಟ್ಟಿಗೆ ಕೈ ಹಾಕಲಿಲ್ಲ. ಕೂಸು ಹುಟ್ಟಿದಾಗ ಅದರ ಕಿವಿಯಲ್ಲಿ ಮೊದಲು ದೇವರ ಹೆಸರು ಹೇಳುತ್ತಾರೆ. ಈಗಷ್ಟೇ ಕಣ್ಣು ಬಿಟ್ಟ ಇದರ ಕಿವಿಗೆ, ತಾನು ಇವತ್ತು ಕಣ್ಣಾರೆ ಕಾಣದ ಮಾತನ್ನು ಹೇಗೆ ಹಾಕುವುದು? ಹೇಳಿದ್ದನ್ನು ಅದು ಎದುರಾಡದೆ ನಂಬುತ್ತದೆ; ಅದರ ಬಾಯಿಂದ ಬಂದದ್ದನ್ನು ಊರು ನಂಬುತ್ತದೆ. ಅವನು ಎದ್ದು ಕಿಟಕಿಗೆ ಹೋಗಿ, ಇವತ್ತು ಪ್ರತಿ ಗಾಡಿಯೂ ಖಾಲಿಯಾಗಿ ಕಾಟಾಕ್ಕೆ ಮರಳಿ ಬರಬೇಕು ಎಂದು ಸಾರಿದ. ಸಾಲಿನಲ್ಲಿ ಗೊಣಗಾಟ ಎದ್ದಿತು. ಕಂಪ್ಯೂಟರಿಗೆ ಮರೆವು ಬಂದರೆ ಅಮರಪ್ಪನಿಗೂ ಬರಬೇಕೇನು ಎಂದು ಒಬ್ಬ ಕೇಳಿದ. ಅಮರಪ್ಪ ಹೌದಪ್ಪ ಎಂದು ಬಂದು ಕೂತ.

ಮೊದಲು ಬಂದ ಗಾಡಿಗಳ ಖಾಲಿ ತೂಕ ಅವನಿಗೆ ಬಾಯಿಪಾಠ. ಹೆಚ್ಚುಕಡಿಮೆ ಅಷ್ಟೇ ಬಂದವು. ಒಬ್ಬಿಬ್ಬರವು ಮೊದಲಿಗಿಂತ ಭಾರವಾಗಿ, ಜಡ ಬಂದವು, ಟ್ರಾಲಿಗೆ ಹೊಸ ಕಬ್ಬಿಣ ಬಡಿಸಿದ್ದೇವೆ ಎಂದು ಅವರು ತಲೆ ಕೆರೆದುಕೊಂಡರು.

ಆಮೇಲೆ ಪಕ್ಕೀರವ್ವನ ಟ್ರಾಲಿ ಬಂತು. ಕಾಲುವೆಯ ಕೊನೆಯಲ್ಲಿ ಮೂರೆಕರೆ ಗದ್ದೆ ಮಾಡುವ ಹೆಂಗಸು, ಗಂಡನಿಲ್ಲ. ಅಳಿಯ ಯಂಕೇಶ ಟ್ರ್ಯಾಕ್ಟರು ಓಡಿಸುತ್ತಾನೆ, ಅವಳು ಮಡ್‌ಗಾರ್ಡಿನ ಮೇಲೆ ಕೂತು ಬರುತ್ತಾಳೆ. ಭತ್ತ ಸುರಿದು ಖಾಲಿ ಗಾಡಿ ಕಾಟಾ ಹತ್ತಿದಾಗ ಬಿಳಿ ಅಂಕಿ ಮೂಡಿತು. ಅಮರಪ್ಪ ನೋಡಿದ, ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಅಂಕಿ ಕಡಿಮೆ ಇತ್ತು. ಅವನ ನೆನಪಿಗಿಂತ ಬಹಳವೇ ಕಡಿಮೆ.

ಗಾಡಿ ಇಳಿಸಿ ಸೊನ್ನೆ ನೋಡಿದರು, ಸರಿಯಾಗಿತ್ತು. ಮತ್ತೆ ಹತ್ತಿಸಿದರು, ಅಂಕಿ ಅದೇ ಬಂತು. ಅಮರಪ್ಪ ಹಮಾಲನನ್ನು ಕರೆದು ಒಂದು ಭತ್ತದ ಚೀಲ ತರಿಸಿ ಖಾಲಿ ಟ್ರಾಲಿಯಲ್ಲಿ ಇಡಿಸಿದ. ಅಂಕಿ ಏರಿ ಅವನ ನೆನಪಿನ ತೂಕದ ಹತ್ತಿರಕ್ಕೆ ಬಂದು ನಿಂತಿತು. ಅವನು ಹೊರಗೆ ಬಂದು ಟ್ರಾಲಿಯೊಳಗೆ ಇಣುಕಿದ. ಮೊದಲಿದ್ದ ದಪ್ಪ ಹಲಗೆಗಳ ಜಾಗದಲ್ಲಿ ತಗಡಿತ್ತು.

"ಹಲಿಗಿ ಎಲ್ಲಿ ಹೋದ್ವು ಯವ್ವಾ?"

"ಗೆದ್ದಲ ಹತ್ತಿತ್ತಲ್ಲೋ ಎಪ್ಪಾ," ಅಂದಳು ಪಕ್ಕೀರವ್ವ. "ಹ್ವಾದ ವರ್ಷದ ಹಿಂದಿನ ಬ್ಯಾಸಿಗ್ಯಾಗ ತಗಸಿ ತಗಡು ಬಡಿಸೀವಿ. ಹಲಿಗಿ ಒಲಿಗಾದ್ವು. ಯಾಕ, ಹಗೂರ ಆಗಬಾರ್ದಿತ್ತೇನು?"

ಅವಳು ತನ್ನ ಮಾತಿಗೆ ತಾನೇ ನಕ್ಕಳು. ಅಮರಪ್ಪನಿಗೆ ನಗು ಬರಲಿಲ್ಲ. ಇಲ್ಲದ ಹಲಗೆಯ ತೂಕವನ್ನು ಅವಳ ಭತ್ತದಲ್ಲಿ ಕಳೆಯುತ್ತ ಬಂದಿದ್ದಾನೆ. ಪ್ರತಿ ಲೋಡಿಗೆ ಒಂದು ಚೀಲ. ಆ ಚೀಟಿಗಳನ್ನೆಲ್ಲ ಅವಳು ಓದದೆ ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋಗಿದ್ದಾಳೆ. ಅವನು ಯಂಕೇಶನನ್ನು ಕರೆದು, ಅಂದಿನಿಂದ ಎಷ್ಟು ಲೋಡು ತಂದಿರಬಹುದು ಎಂದು ಮೆಲ್ಲಗೆ ಕೇಳಿದ. ಸುಗ್ಗಿಗೆರಡು ಎಂದ ಅವನು. ವರ್ಷಕ್ಕೆ ಎರಡು ಬೆಳೆ, ಈ ಸುಗ್ಗಿ ಬಿಟ್ಟು ನಾಲ್ಕು ಸುಗ್ಗಿ. ಅಮರಪ್ಪ ಬೆರಳು ಮಡಿಚಿದ. ಒಂದು ಕೈ ಸಾಲಲಿಲ್ಲ. ಗಾಡಿಯನ್ನು ಗೋದಾಮಿನ ಪಕ್ಕಕ್ಕೆ ಹಾಕಿಕೊಂಡು ನಿಲ್ಲು, ಈಗ ಬಂದೆ ಎಂದು ಹೇಳಿದ.

ಕೋಣೆಯಲ್ಲಿ ಕೂತ ಜಿಲಾನಿ ಎಲ್ಲವನ್ನೂ ನೋಡಿದ್ದ. ಆ ಅಂಕಿ ಕಿಟಕಿಯ ಅಗಲಕ್ಕೆ ಎಲ್ಲರಿಗೂ ಕಂಡಿತ್ತು. ಅದರ ಅರ್ಥ ಗೊತ್ತಿದ್ದದ್ದು ಅಮರಪ್ಪ, ಜಿಲಾನಿ ಇಬ್ಬರಿಗೇ. ಹೇಳಿದರೆ, ಇಷ್ಟು ವರ್ಷ ಯಾರೂ ಬಿಚ್ಚಿ ನೋಡದ ಚೀಟಿಗಳನ್ನೆಲ್ಲ ಊರು ನಾಳೆ ಬಿಚ್ಚಿ ನೋಡುತ್ತದೆ. ಅಮರಪ್ಪನ ಕಾಟಾ ಅಂದರೆ ಕಾಟಾ ಎಂಬ ಮಾತು ಇವತ್ತಿಗೆ ಮುಗಿಯುತ್ತದೆ. ಅವನು ಜಿಲಾನಿಗೆ ಒಂದು ಗಳಿಗೆ ಕುರ್ಚಿ ನೋಡಿಕೊಳ್ಳಲು ಹೇಳಿ, ಮಾಲಕರ ಕೋಣೆಗೆ ಹೋದ.

ಗಿರಣಿಯ ಮಾಲಕರು ಕಾಲುವೆ ಬಂದ ಕಾಲಕ್ಕೆ ಆಂಧ್ರದಿಂದ ಬಂದು ನೆಲೆಸಿದ ಮನೆತನದವರು. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏಮಯ್ಯಾ ಅಮರಪ್ಪ, ಆಕಿ ಕೇಳ್ಯಾಳೇನು?"

"ಇಲ್ರಿ. ಆಕಿಗೆ ಗೊತ್ತ ಇಲ್ಲ."

"ಮತ್ತ?"

"ನನಗ ಗೊತ್ತಾಗೇತ್ರಿ."

ಮಾಲಕರು ಹೊರಗಿನ ಸಾಲಿನ ಕಡೆ ಕೈ ತೋರಿಸಿದರು. ಇವತ್ತು ಒಬ್ಬಳಿಗೆ ಕೊಟ್ಟರೆ ನಾಳೆ ಊರಿನ ಟ್ರಾಲಿಗಳೆಲ್ಲ ಬಾಗಿಲಿಗೆ ಬರುತ್ತವೆ ಎಂದರು.

"ಬರಂಗಿಲ್ರಿ," ಅಂದ ಅಮರಪ್ಪ. "ಕೆಲವರವು ಮೊದಲಿಗಿಂತ ಜಡ ಆಗ್ಯಾವ. ಅವರು ನಮಗ ಕೊಡೋದೈತಿ. ತಮ್ಮದು ಯಾವ ಕಡಿ ಬೀಳತೈತೋ ಅಂತ ಭಾಳ ಮಂದಿ ಸುಮ್ನ ಇರ್ತಾರ."

ಮಾಲಕರು ನಕ್ಕುಬಿಟ್ಟರು. ನಕ್ಕ ಮೇಲೆ ದನಿ ಇಳಿಸಿದರು. ಭತ್ತ ಗೋದಾಮಿನಿಂದ ತೆಗೆದುಕೋ, ಅದು ನನ್ನ ಹತ್ತಿರ ಇರಬೇಕಾದ ಭತ್ತ ಅಲ್ಲ ಎಂದರು. ಆದರೆ ಕಾಟಾದ ಕುರ್ಚಿಯಲ್ಲಿ ಕೂತವನು ನೀನು. ಊರಿಗೆ ಉತ್ತರವನ್ನೂ ನೀನೇ ಹೇಳಬೇಕು ಎಂದರು. ಅಮರಪ್ಪ ತಲೆಯಾಡಿಸಿ ಹೊರಗೆ ಬಂದ.

ಇವತ್ತಿನ ಚೀಟಿಯಲ್ಲೇ ಅಷ್ಟನ್ನೂ ಸೇರಿಸಿ ಕೊಟ್ಟುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಜಿಲಾನಿ ಪಿಸುಗುಟ್ಟಿದ. ಚೀಟಿಯಲ್ಲಿ ಇವತ್ತಿನ ತೂಕವೇ ಇರಲಿ ಎಂದು ಅಮರಪ್ಪ ಹೇಳಿದ. ಗೋದಾಮಿನ ಪಕ್ಕದ ಬೇವಿನ ಮರದ ಕೆಳಗೆ ಪಕ್ಕೀರವ್ವ ಬುತ್ತಿ ಬಿಚ್ಚಿ ಕೂತಿದ್ದಳು. ಅಮರಪ್ಪ ಅವಳೆದುರು ಕುಕ್ಕರಗಾಲಲ್ಲಿ ಕೂತ.

"ಯವ್ವಾ, ಹಲಿಗಿ ತಗದ ಮ್ಯಾಲೆ ನಿನ್ನ ಗಾಡಿ ನಾ ಮತ್ತ ತೂಗಲಿಲ್ಲ. ಹಳೇ ತೂಕಾನ ಕಳಕೊಂತ ಬಂದೆ. ನಿನ್ನ ಭತ್ತ ಒಂದಿಷ್ಟು ಇಲ್ಲೇ ಉಳದೈತಿ. ತಪ್ಪು ನಂದ ಐತಿ, ಯಾರರ ಕೇಳಿದ್ರ ಹಂಗ ಹೇಳು."

ಪಕ್ಕೀರವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಬುತ್ತಿಯಿಂದ ಒಂದು ರೊಟ್ಟಿ ತೆಗೆದು, ಮೇಲೆ ಚಟ್ನಿಪುಡಿ ಇಟ್ಟು, ಮೊದಲು ಇದನ್ನು ತಿನ್ನು ಎಂದು ಅವನ ಕೈಗೆ ಕೊಟ್ಟಳು. ಅವನು ಅಲ್ಲೇ ಕೂತು ತಿಂದ.

ಆಮೇಲೆ ಹಮಾಲರನ್ನು ಕರೆಯಲಿಲ್ಲ. ಯಂಕೇಶ ಒಂದು ತುದಿ ಹಿಡಿದ, ಅಮರಪ್ಪ ಇನ್ನೊಂದು. ಗೋದಾಮಿನಿಂದ ಎಂಟು ಚೀಲಗಳನ್ನು ಒಂದೊಂದಾಗಿ ಹೊತ್ತು ತಂದು ಟ್ರಾಲಿಯ ತಗಡಿನ ಮೇಲೆ ಒತ್ತೊತ್ತಾಗಿ ಮಲಗಿಸಿದರು. ಕೊನೆಯದನ್ನು ಇಟ್ಟ ಮೇಲೆ ಅಮರಪ್ಪ ಅದರ ಬಾಯಿಯ ಹೊಲಿಗೆಯನ್ನು ಮುಟ್ಟಿ ನೋಡಿ, ಸಡಿಲಾಗಿದ್ದ ದಾರವನ್ನು ಗಂಟು ಹಾಕಿ, ಕೆಳಗಿಳಿದ.