ಸಹಿ ಹಾಕಿದ ಖಾಲಿ ಹಾಳೆಗಳು

ನನ್ನ ಅಕ್ಕ ವನಜಮ್ಮ ಲೋಕಸಭೆಗೆ ಗೆದ್ದದ್ದು ಎಂಬತ್ತರಲ್ಲಿ. ದೆಹಲಿಗೆ ಹೊರಡುವ ಮುಂಚೆ ಪ್ರತಿ ಸಲವೂ ಐವತ್ತು ಖಾಲಿ ಲೆಟರ್‌ಹೆಡ್‌ಗಳಿಗೆ ಸಹಿ ಹಾಕಿ, ಶಿರಾ ಗೇಟಿನ ಆಫೀಸು ನೋಡಿಕೊಳ್ಳುತ್ತಿದ್ದ ರುದ್ರಯ್ಯನ ಕೈಗೆ ಕೊಡುತ್ತಿದ್ದಳು. ಶಿಫಾರಸು ಕೇಳಿಕೊಂಡು ಬಂದವರು ಬರಿಗೈಲಿ ಹೋಗಬಾರದಂತೆ. ಒಳ್ಳೆಯ ಮನಸ್ಸೇ, ಇಲ್ಲ ಅನ್ನುವುದಿಲ್ಲ. ನನಗೆ ಮಾತ್ರ ಅದು ಮೊದಲಿನಿಂದಲೂ ಸರಿಬರಲಿಲ್ಲ.

ಎಂಬತ್ನಾಲ್ಕರಲ್ಲಿ ಅಂಥದೊಂದು ಹಾಳೆ ಅಮೃತೂರಿನ ಶಾಲೆಯ ನಿಂಗಮ್ಮ ಮೇಡಂ ಅವರನ್ನು ಪಾವಗಡದ ಕಡೆಗೆ ವರ್ಗ ಮಾಡಿಸಿತು. ಅವರ ಜಾಗ ರುದ್ರಯ್ಯನ ನಾದಿನಿಗೆ ಬೇಕಿತ್ತು. ಅಕ್ಕನಿಗೆ ಅಕ್ಷರ ಕಲಿಸಿದವರು, ಅವಳನ್ನು ಶಾಲೆ ಬಿಡಿಸಲು ಹೊರಟ ಅಪ್ಪನಿಗೆ ಎದುರು ನಿಂತವರು ಇದೇ ನಿಂಗಮ್ಮ. ಅವರ ಗಂಡ ಲಕ್ವ ಹೊಡೆದು ಮಲಗಿದ್ದರು. ಗಂಜಿ ಕುಡಿಸಲೂ ಇವರೇ ಬೇಕು.

ನಾನು ದೆಹಲಿಗೆ ಟ್ರಂಕ್ ಕಾಲ್ ಮಾಡಿ ಅಕ್ಕನನ್ನು ಫೋನಿಗೆ ಕರೆಸಿದೆ. "ಅದು ನಾನು ಬರ್ದಿದ್ದಲ್ಲ ಅಂತ ಇಲಾಖೆಗೆ ಒಂದು ಸಾಲು ಬರ್ದುಕೊಡು," ಎಂದೆ.

"ಬರ್ದ್ರೆ ರುದ್ರಯ್ಯ ಎದುರು ಪಾರ್ಟಿಗೆ ಹೋಗ್ತಾನೆ ಚೆನ್ನೀ. ಮೂರು ತಾಲ್ಲೂಕು ಅವನ ಕೈಯಲ್ಲೈತೆ. ಟಿಕೆಟ್ ಆಗ್ಲಿ ತಡಿ."

"ಅಲ್ಲೀವರ್ಗೂ ಆ ಮನುಷ್ಯನ್ನ ಯಾರು ನೋಡ್ಕೊತಾರೆ?"



ಟಿಕೆಟ್ ಆಗಲು ಆರು ವಾರ ಹಿಡಿಯಿತು. ಐದನೆಯ ವಾರ, ನಿಂಗಮ್ಮ ಪಾವಗಡದಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಗ, ಅವರ ಗಂಡ ತೀರಿಕೊಂಡರು. ಬಾಯಿಗೆ ನೀರು ಬಿಟ್ಟವಳು ಪಕ್ಕದ ಮನೆಯವಳು.

ಅಕ್ಕ ಸಾವಿನ ಮನೆಯ ಹೊಸ್ತಿಲ ಹತ್ತಿರವೇ ಕೂತಳು. "ಆ ಕಾಗದ ನಾನು ಬರ್ದಿದ್ದಲ್ಲ ಮೇಡಂ."

"ಗೊತ್ತು ಕಣಮ್ಮ, ಅವತ್ತೇ ಗೊತ್ತಿತ್ತು," ಎಂದರು ನಿಂಗಮ್ಮ. "ಹೇಳ್ಬೇಕಾದವ್ರಿಗೆ ನೀನು ಹೇಳ್ಲಿಲ್ಲ."

ಕುಣಿಗಲ್ ದಾಟುವವರೆಗೂ ಅಕ್ಕ ಕಾರಿನಲ್ಲಿ ಅತ್ತಳು. ನಾನು ಸಮಾಧಾನ ಮಾಡಲಿಲ್ಲ. ಸಿಟ್ಟಿತ್ತು, ಈಗಲೂ ಇದೆ. ಟಿಕೆಟ್ ಆದ ಮರುದಿನ ಅವಳು ಆ ಸಾಲು ಬರೆದುಕೊಟ್ಟಳು, ವರ್ಗ ರದ್ದಾಯಿತು. ರುದ್ರಯ್ಯ ಎರಡು ದಿನ ಮುನಿಸಿಕೊಂಡು ವಾಪಸ್ಸು ಬಂದ.

ಅಕ್ಕ ಮತ್ತೆ ಗೆದ್ದಳು. ದೆಹಲಿಗೆ ಹೊರಟ ದಿನ ಶಿರಾ ಗೇಟಿನ ಆಫೀಸಿನ ಮುಂದೆ ಜನವೋ ಜನ. ರುದ್ರಯ್ಯ ಎಂದಿನಂತೆ ಹಾಳೆಗಳ ಕಟ್ಟು ತಂದು ಮೇಜಿನ ಮೇಲಿಟ್ಟ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಹೊರಗೆ ಅರ್ಜಿ ಹಿಡಿದು ನಿಂತವರನ್ನು ನೋಡಿ ಪೆನ್ನಿನ ಮುಚ್ಚಳ ತೆಗೆದಳು.

ಮೊದಲ ಹಾಳೆಗೆ ಸಹಿ ಬಿದ್ದದ್ದನ್ನು ಕಂಡು ನಾನು ಎದ್ದು ಅಮೃತೂರಿನ ಬಸ್ಸು ಹತ್ತಿದೆ. ಅವಳನ್ನು ಕಳಿಸಿಕೊಡಲು ಮತ್ತೆಂದೂ ಹೋಗಲಿಲ್ಲ.